ಅಬ್ಬನ ಭಟ್ಟಿಯಲ್ಲಿ ಎಂಟನೇ ಒಂದು ಪಾಲು

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು, ವಯಸ್ಸು 41. ಅಬ್ಬ ಹೋದ ವರ್ಷ ತೀರಿಕೊಂಡರು. ಅಜ್ಜ, ಅಜ್ಜಿ ಮೊದಲೇ ಇಲ್ಲ. ನಮ್ಮಲ್ಲಿ ಇಬ್ಬರು ಅಣ್ಣಂದಿರು, ಮೂವರು ಹೆಣ್ಣುಮಕ್ಕಳು. ಅಬ್ಬನ ಹೆಸರಲ್ಲಿ ಒಂದು ಮನೆ, ಮಂಡಕ್ಕಿ ಭಟ್ಟಿಯ ಜಾಗ, ಊರಾಚೆ ಒಂದೂವರೆ ಎಕರೆ ಜಮೀನು ಇದೆ. ರಂಜಾನ್ ಮುಗಿದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಎಂದು ಅಣ್ಣಂದಿರು ಹೇಳುತ್ತಿದ್ದಾರೆ. ನಿಮ್ಮ ಮದುವೆಗೆ ಖರ್ಚು ಮಾಡಿಯಾಗಿದೆ, ಭಟ್ಟಿಯನ್ನು ಅಬ್ಬ ನಮಗೇ ಅಂತ ಬಾಯಲ್ಲಿ ಹೇಳಿದ್ದರು, ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚಿತು ಅಂದ್ಕೊಳ್ಳಿ ಎನ್ನುತ್ತಾರೆ. ಅಮ್ಮಿ ಈಗ ನನ್ನ ಹತ್ತಿರ ಇದ್ದಾರೆ. ಅಬ್ಬನ ಜನಾಜಾ (ಶವ) ಎತ್ತುವ ಮುಂಚೆ ಅಮ್ಮಿಯ ಬಾಯಿಂದ ಮೆಹರ್, ಅಂದರೆ ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ, ಮಾಫ್ ಮಾಡಿಸಿದರು. ನನಗಿರುವ ಒಬ್ಬಳೇ ಮಗಳು ಕಾಲೇಜಿಗೆ ಹೋಗುತ್ತಾಳೆ. 'ಇಸ್ಲಾಂನಲ್ಲಿ ಹೆಣ್ಣಿಗೆ ಹಕ್ಕಿದೆ ಅಂತ ಎಲ್ಲರೂ ಹೇಳ್ತಾರೆ, ನಮ್ಮನೇಲಿ ಅದು ಎಲ್ಲಿದೆ?' ಎಂದು ಕೇಳಿದಳು. ನನಗೆ ಉತ್ತರ ಬರಲಿಲ್ಲ.

ಉತ್ತರ: ತಂಗಿ, ಮೊದಲು ಸಹಿಯ ಮಾತು. ನಿಮ್ಮ ಪಾಲು ಎಷ್ಟು ಎಂದು ತಿಳಿಯುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬರೀ ಛಾಪಾ ಕಾಗದಕ್ಕೂ ಬೇಡ, ಖಾಲಿ ಹಾಳೆಗೂ ಬೇಡ, 'ಖಾತೆ ಬದಲಾವಣೆಗೆ ಬೇಕು, ಅಷ್ಟೇ' ಎಂದು ತರುವ ಅರ್ಜಿಗೂ ಓದದೆ ಬೇಡ. ನೋಂದಣಿಯಾಗದ ಬಿಡುಗಡೆ ಪತ್ರದಿಂದ ಮನೆಯ ಮೇಲಿನ ನಿಮ್ಮ ಹಕ್ಕು ಹೋಗುವುದಿಲ್ಲ. ನೋಂದಣಿಯಾದ ಪತ್ರವನ್ನು ರದ್ದು ಮಾಡಿಸುವುದು ಮಾತ್ರ ಬಹಳ ಕಷ್ಟ. ಮೋಸವಾಗಿದೆ ಎಂದು ಗೊತ್ತಾದ ಮೂರು ವರ್ಷದೊಳಗೆ ದಾವೆ ಹೂಡಬೇಕು, ಮೋಸವನ್ನು ನೀವೇ ತೋರಿಸಬೇಕು. ಇಂಥ ದಾವೆ ಹಿಡಿದು ಬರುವ ಹೆಣ್ಣುಮಕ್ಕಳ ಮುಖ ನಾನು ದಾವಣಗೆರೆ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಹೆಚ್ಚಿನವರು ಹೇಳುವುದು ಒಂದೇ ಮಾತು: 'ಅಣ್ಣ ಹೇಳಿದ, ಹಾಕಿದೆ.'

ಈಗ ಲೆಕ್ಕ. ನಿಮ್ಮ ಮನೆಯ ಲೆಕ್ಕ ಎಷ್ಟು ಸಲೀಸಾಗಿ ಬರುತ್ತದೆ ಎಂದರೆ, ಪೆನ್ನು ಕಾಗದವೂ ಬೇಡ, ಮಂಡಕ್ಕಿ ಅಳೆಯುವ ಸೇರು ಸಾಕು. ಅಮ್ಮಿಯ ಎದುರು ಒಂದು ಚೀಲ ಮಂಡಕ್ಕಿ ಇಟ್ಟು ಎಂಟು ಸೇರು ಅಳೆದು ಎಂಟು ಗುಡ್ಡೆ ಮಾಡಿ. ಮೊದಲ ಗುಡ್ಡೆ ಅಮ್ಮಿಯದು. ಮಕ್ಕಳಿರುವ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಎಂಟನೇ ಒಂದು ಎಂದು ಕುರ್‌ಆನಿನ ನಿಸಾ ಅಧ್ಯಾಯದ 12ನೇ ವಚನ ಅಂಕಿ ಹಿಡಿದು ಹೇಳುತ್ತದೆ. ಉಳಿದ ಏಳು ಗುಡ್ಡೆ ಮಕ್ಕಳಿಗೆ. 11ನೇ ವಚನದ ಪ್ರಕಾರ ಒಬ್ಬ ಮಗನಿಗೆ ಇಬ್ಬರು ಹೆಣ್ಣುಮಕ್ಕಳ ಪಾಲು. ಅಣ್ಣಂದಿರು ಎರಡೆರಡು ತೆಗೆದುಕೊಂಡರೆ ನಾಲ್ಕು ಹೋಯಿತು, ಉಳಿದದ್ದು ಮೂರು. ನಿಮಗೊಂದು, ನಿಮ್ಮ ಅಕ್ಕತಂಗಿಯರಿಗೆ ಒಂದೊಂದು. ಚೀಲದಲ್ಲಿ ಏನೂ ಉಳಿಯುವುದಿಲ್ಲ, ಯಾರಿಗೂ ಕಮ್ಮಿ ಬೀಳುವುದಿಲ್ಲ. ಅಜ್ಜಿಯೋ ಅಜ್ಜನೋ ಬದುಕಿದ್ದರೆ ಆರನೇ ಒಂದು ಅವರಿಗೆ ಹೋಗಿ ಲೆಕ್ಕ ಬದಲಾಗುತ್ತಿತ್ತು, ಆ ಪ್ರಶ್ನೆ ನಿಮ್ಮಲ್ಲಿಲ್ಲ. ಅಮ್ಮಿ ಮತ್ತು ಮೂವರು ಹೆಣ್ಣುಮಕ್ಕಳದ್ದು ಸೇರಿಸಿದರೆ ನಾಲ್ಕು ಗುಡ್ಡೆ. ಅಂದರೆ ನಿಮ್ಮ ಅಬ್ಬ ಬಿಟ್ಟುಹೋದ ಆಸ್ತಿಯಲ್ಲಿ ಸರಿಯಾಗಿ ಅರ್ಧ ಈಗಾಗಲೇ ಹೆಂಗಸರದ್ದು.

'ಈಗಾಗಲೇ' ಎಂದು ಬೇಕೆಂದೇ ಬರೆದೆ. ಮುಸ್ಲಿಂ ಕಾನೂನಿನಲ್ಲಿ ಅವಿಭಕ್ತ ಕುಟುಂಬ ಎಂಬುದಿಲ್ಲ, ಹುಟ್ಟಿನಿಂದ ಬರುವ ಹಕ್ಕೂ ಇಲ್ಲ. ಅಬ್ಬ ಇರುವ ತನಕ ಎಲ್ಲ ಅವರದ್ದು. ಅವರ ಉಸಿರು ನಿಂತ ಗಳಿಗೆಯಲ್ಲಿ ಪ್ರತಿ ವಾರಸುದಾರರಿಗೆ ಅವರವರ ಪಾಲು ಸೇರುತ್ತದೆ. ಖಾತೆ ಆಗಲಿ ಬಿಡಲಿ, ಜಮಾತ್ (ಮಸೀದಿಯ ಸಮುದಾಯ) ಕೂತು ಒಪ್ಪಲಿ ಬಿಡಲಿ, ಅಣ್ಣ ಹೂಂ ಅನ್ನಲಿ ಬಿಡಲಿ. ನೀವು ಪಾಲು 'ಕೇಳುತ್ತಿಲ್ಲ'. ನಿಮ್ಮದು ಅವರ ಹತ್ತಿರ ಇದೆ, ಅದನ್ನು ಬಿಡಿಸಿಕೊಡಿ ಎನ್ನುತ್ತಿದ್ದೀರಿ. ಈ ವ್ಯತ್ಯಾಸ ನಿಮ್ಮ ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನ ಮಾತು ಆಡುವಾಗ ಧ್ವನಿ ನಡುಗುವುದಿಲ್ಲ.

ಈ ವಚನ ಯಾವ ಸಂದರ್ಭದಲ್ಲಿ ಬಂತು ಎಂಬುದನ್ನು ಮಗಳಿಗೆ ಹೇಳಿ. ಮದೀನಾದ ಸಅದ್ ಬಿನ್ ರಬೀ 625ರಲ್ಲಿ ಉಹುದ್ ಯುದ್ಧದಲ್ಲಿ ತೀರಿಕೊಂಡರು. ಅವರ ತಮ್ಮ ಬಂದು ಆಸ್ತಿಯನ್ನೆಲ್ಲ ಹಿಡಿದುಕೊಂಡ. ಆಗಿನ ಅರಬರ ರೂಢಿ ಅದೇ: ಕುದುರೆ ಹತ್ತಿ ಕತ್ತಿ ಹಿಡಿಯಬಲ್ಲವನಿಗೆ ಆಸ್ತಿ, ಹೆಂಗಸಿಗೂ ಚಿಕ್ಕ ಮಕ್ಕಳಿಗೂ ಇಲ್ಲ. ಸಅದರ ವಿಧವೆ ಮನೆಯಲ್ಲಿ ಅಳುತ್ತ ಕೂರಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ ಎದುರು ಹೋಗಿ ನಿಂತರು. ಇವರ ಚಿಕ್ಕಪ್ಪ ಎಲ್ಲ ತೆಗೆದುಕೊಂಡಿದ್ದಾನೆ, ಆಸ್ತಿ ಇಲ್ಲದ ಇವರನ್ನು ಯಾರು ಮದುವೆಯಾಗುತ್ತಾರೆ ಎಂದು ಕೇಳಿದರು. ಪಾಲಿನ ವಚನ ಬಂದದ್ದು ಅದಾದ ಮೇಲೆ. ಪ್ರವಾದಿಯವರು ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಬ್ಬರಿಗೆ ಮೂರನೇ ಎರಡು ಕೊಡು, ಅವರ ತಾಯಿಗೆ ಎಂಟನೇ ಒಂದು ಕೊಡು, ಉಳಿದದ್ದು ನಿನ್ನದು ಎಂದರು. ಪಾಲು ಕೇಳುವ ಹೆಣ್ಣನ್ನು ನಮ್ಮ ಓಣಿಗಳಲ್ಲಿ ಮರ್ಯಾದೆಗೆಟ್ಟವಳು ಎಂಬಂತೆ ನೋಡುತ್ತಾರಲ್ಲ, ಅವರೆಲ್ಲ ದಿನಾ ಓದುವ ಗ್ರಂಥದ ಆ ವಚನಗಳ ಹಿಂದೆ ಪಾಲು ಕೇಳಲು ಹೊರಟ ಒಬ್ಬ ಹೆಂಗಸಿದ್ದಾಳೆ. ಅದೇ ಅಧ್ಯಾಯದ 7ನೇ ವಚನ, ತಂದೆತಾಯಿ ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಅದು ಸ್ವಲ್ಪವಿರಲಿ ಹೆಚ್ಚಿರಲಿ ಎಂದು ಹೇಳಿ, ಅದನ್ನು ಫರ್ಜ್, ಅಂದರೆ ಕಡ್ಡಾಯ, ಮಾಡುತ್ತದೆ. ನಮಾಜ್ ಹೇಗೆ ಫರ್ಜೋ ಹಾಗೆ. ಅಣ್ಣ ಐದು ಹೊತ್ತು ನಮಾಜ್ ಮಾಡುವವನಾದರೆ ಈ ಮಾತನ್ನು ನೀವು ಅವನಿಗೆ ಹೇಳಬಹುದು.

ಅಣ್ಣಂದಿರ ವಾದಗಳನ್ನು ಈಗ ನೋಡೋಣ.

ಮದುವೆ ಖರ್ಚು ಪಾಲಿಗೆ ವಜಾ ಆಗುವುದಿಲ್ಲ. ಶರೀಅತ್‌ನಲ್ಲೂ ಇಲ್ಲ, ದೇಶದ ಕಾನೂನಿನಲ್ಲೂ ಇಲ್ಲ. ಅಬ್ಬ ಬದುಕಿದ್ದಾಗ ಮಗಳ ಮದುವೆಗೆ ಖುಷಿಯಿಂದ ಕೊಟ್ಟದ್ದು ಅವರು ಕೊಟ್ಟ ಉಡುಗೊರೆ, ಅವರು ತೀರಿದ ಮೇಲೆ ಹುಟ್ಟುವ ಪಾಲಿಗೂ ಅದಕ್ಕೂ ಸಂಬಂಧವಿಲ್ಲ. ಅಣ್ಣಂದಿರ ವಲೀಮಾಕ್ಕೆ (ಮದುವೆಯ ಔತಣಕ್ಕೆ) ಆದ ಖರ್ಚನ್ನು ಯಾರೂ ಅವರ ಪಾಲಿನಿಂದ ಕಳೆಯುತ್ತಿಲ್ಲ, ಅಲ್ಲವೇ? ಇಷ್ಟಕ್ಕೂ ಗಂಡಿನ ಕಡೆಗೆ 'ಜೋಡೆ ಪೈಸೆ' ಕೊಡುವ ಪದ್ಧತಿ ಇಸ್ಲಾಮಿನದ್ದೇ ಅಲ್ಲ. ಇಸ್ಲಾಂನಲ್ಲಿ ಹಣ ಹೋಗಬೇಕಾದ್ದು ಗಂಡಿನಿಂದ ಹೆಣ್ಣಿಗೆ, ಅದಕ್ಕೇ ಮೆಹರ್ ಅನ್ನುವುದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೂಡ ವರದಕ್ಷಿಣೆಯ ವ್ಯಾಖ್ಯೆಯಿಂದ ಮೆಹರ್ ಅನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ. ಎರಡೂ ಒಂದೇ ಅಲ್ಲ ಎಂಬುದು ಕಾನೂನು ಮಾಡಿದವರಿಗೂ ಗೊತ್ತಿತ್ತು.

'ಅಬ್ಬ ಬಾಯಲ್ಲಿ ಹೇಳಿದ್ದರು' ಎನ್ನುವ ಮಾತನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. ಮುಸ್ಲಿಂ ಕಾನೂನಿನಲ್ಲಿ ಹಿಬಾ ಅಂದರೆ ದಾನ ಬಾಯಿಮಾತಿನಲ್ಲೂ ನಡೆಯುತ್ತದೆ, ಬರಹ ಬೇಕಿಲ್ಲ, ನೋಂದಣಿ ಬೇಕಿಲ್ಲ. ಆದರೆ ಮೂರೂ ಆಗಿರಬೇಕು: ಕೊಟ್ಟೆ ಎಂದು ಅಬ್ಬ ಸ್ಪಷ್ಟವಾಗಿ ಹೇಳಿರಬೇಕು, ಮಕ್ಕಳು ಸ್ವೀಕರಿಸಿರಬೇಕು, ಅಬ್ಬ ಬದುಕಿದ್ದಾಗಲೇ ಭಟ್ಟಿಯ ಸ್ವಾಧೀನ ಬಿಟ್ಟುಕೊಟ್ಟಿರಬೇಕು. ಮೂರನೆಯದ್ದೇ ಮುಖ್ಯ. ಕೊನೆಯ ತನಕ ಭಟ್ಟಿಯ ಕೀಲಿಕೈ ಯಾರ ಸೊಂಟದಲ್ಲಿತ್ತು? ಭತ್ತದ ವ್ಯಾಪಾರಿಗೆ ದುಡ್ಡು ಎಣಿಸಿ ಕೊಡುತ್ತಿದ್ದವರು ಯಾರು? ಕಂದಾಯ ಮತ್ತು ಕರೆಂಟ್ ಬಿಲ್ ಯಾರ ಹೆಸರಿನಲ್ಲಿ ಬರುತ್ತಿದ್ದವು, ಕೆಲಸದ ಹೆಂಗಸರ ವಾರದ ಸಂಬಳ ಯಾರು ಕೊಡುತ್ತಿದ್ದರು? ಇದೆಲ್ಲ ಅಬ್ಬನೇ ಮಾಡುತ್ತಿದ್ದರೆ ಹಿಬಾ ಆಗಿಲ್ಲ, 'ಮುಂದೆ ನಿಮಗೇ' ಎಂಬ ಆಸೆಯ ಮಾತು ಆಗಿದೆ. ಕೊನೆಯ ಕಾಯಿಲೆಯಲ್ಲಿ, ಸಾವು ಹತ್ತಿರವಾಯಿತು ಎಂದು ಗೊತ್ತಾದ ಮೇಲೆ ಹೇಳಿದ್ದಾದರೆ ಅದಕ್ಕೆ ಮರ್ಜುಲ್ ಮೌತ್ ಎನ್ನುತ್ತಾರೆ. ಆಗ ಅದು ವಸೀಯತ್ತಿನ, ಅಂದರೆ ಉಯಿಲಿನ ಹಾಗೆ. ಒಬ್ಬ ವಾರಸುದಾರನಿಗೆ ಮಾಡಿದ ವಸೀಯತ್ ಉಳಿದ ವಾರಸುದಾರರು ಒಪ್ಪದೆ ನಡೆಯುವುದಿಲ್ಲ. ಸುನ್ನಿ ಹನಫಿ ಪಂಥದವರಾದ ನಮ್ಮಲ್ಲಿ ಇದು ಸ್ಪಷ್ಟ. ಪ್ರವಾದಿಯವರ ಕಾಲದ ನುಅಮಾನ್ ಬಿನ್ ಬಶೀರ್ ಅವರ ತಂದೆ ಒಬ್ಬ ಮಗನಿಗೆ ಮಾತ್ರ ದಾನ ಕೊಟ್ಟು ಪ್ರವಾದಿಯವರನ್ನು ಸಾಕ್ಷಿಗೆ ಕರೆದಾಗ, ಎಲ್ಲ ಮಕ್ಕಳಿಗೂ ಇಷ್ಟೇ ಕೊಟ್ಟಿದ್ದೀಯಾ ಎಂದು ಕೇಳಿ, ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಯ ದಾಖಲೆಯಲ್ಲಿ ಇರುವ ಮಾತು, ಮಸೀದಿಯ ಹಜರತ್‌ರನ್ನು ಕೇಳಿ, ಅವರೂ ಹೇಳುತ್ತಾರೆ.

ಅಬ್ಬ ಹೋದ ಮೇಲೆ ಅಣ್ಣಂದಿರು ತಮ್ಮ ದುಡ್ಡಿನಿಂದ ಹಾಕಿದ ಹೊಸ ಯಂತ್ರ ಅವರದ್ದು, ಅದರ ಮೇಲೆ ಕಣ್ಣು ಹಾಕಬೇಡಿ. ಜಾಗ, ಶೆಡ್ಡು, ಒಲೆ, ಅಬ್ಬ ಬಿಟ್ಟ ಸರಕು ಮತ್ತು ಬರಬೇಕಾದ ಬಾಕಿ ಎಲ್ಲರದ್ದು.

ಜಮೀನಿನ ಬಗ್ಗೆ ಒಂದು ಮಾತು. 1937ರ ಶರೀಅತ್ ಅನ್ವಯ ಕಾಯ್ದೆ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದನ್ನೇ ಹಿಡಿದು 'ಹೊಲದಲ್ಲಿ ಹೆಣ್ಣಿಗಿಲ್ಲ' ಎನ್ನುವವರಿದ್ದಾರೆ. ಹೊರಗಿಟ್ಟದ್ದು ಬೇರೆ, ಹೆಣ್ಣಿನ ಹಕ್ಕು ತೆಗೆದದ್ದು ಬೇರೆ. ನಮ್ಮಲ್ಲಿ ಹೆಣ್ಣಿಗೆ ಹೊಲ ಕೊಡದ ರೂಢಿಯಿದೆ ಎನ್ನುವವರು ಆ ರೂಢಿಯನ್ನು ಸಾಕ್ಷಿ ಸಮೇತ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಬಾಯಲ್ಲಿ ಹೇಳಿದರೆ ಸಾಲದು. ಪಹಣಿ ತೆಗೆಸಿ ಇಟ್ಟುಕೊಳ್ಳಿ.

ಇನ್ನು ಅಮ್ಮಿಯ ಮೆಹರ್. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲು. ನಾನು ಎಂಟೊಂಬತ್ತು ವರ್ಷದವಳಿದ್ದಾಗ ನನ್ನ ಅಜ್ಜ ತೀರಿಕೊಂಡರು. ಅಂಗಳದಲ್ಲಿ ಜನಾಜಾ, ಒಳಗೆ ಅಗರಬತ್ತಿಯ ಹೊಗೆ, ಅಜ್ಜಿಯ ತಲೆಯ ಮೇಲೆ ಯಾರೋ ಹೊದಿಸಿದ ಬಿಳಿ ದುಪಟ್ಟಿ. ಇಬ್ಬರು ಹೆಂಗಸರು ಅಜ್ಜಿಯನ್ನು ತೋಳು ಹಿಡಿದು ಎಬ್ಬಿಸಿ ಬಾಗಿಲಿಗೆ ತಂದು, 'ಮೆಹರ್ ಮಾಫ್ ಕರೀ ಬೋಲೋ' ಎಂದು ಕಿವಿಯಲ್ಲಿ ಹೇಳಿದರು. ಅಜ್ಜಿಗೆ ಮಾತು ಹೊರಡಲಿಲ್ಲ. ಮತ್ತೆ ಹೇಳಿದರು. ಮೂರನೇ ಸಲ ಅಜ್ಜಿ ತಲೆ ಅಲ್ಲಾಡಿಸಿದರು, ಅಷ್ಟಕ್ಕೇ ಯಾರೋ 'ಮಾಫ್ ಹೋಗಯಾ' ಎಂದು ಹೊರಗೆ ಕೂಗಿದರು. ಅವರ ಮೆಹರ್ ಎಷ್ಟಿತ್ತು ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ.

ಅದು ಮಾಫಿ ಅಲ್ಲ, ತಂಗಿ. ನಿಸಾ ಅಧ್ಯಾಯದ 4ನೇ ವಚನ ಹೆಂಗಸರಿಗೆ ಮೆಹರ್ ಅನ್ನು ಮನಸಾರೆ ಕೊಡಿ ಎನ್ನುತ್ತದೆ, ಅವರು ತಾವಾಗಿಯೇ ಖುಷಿಯಿಂದ ಏನಾದರೂ ಬಿಟ್ಟುಕೊಟ್ಟರೆ ಮಾತ್ರ ಅದನ್ನು ಅನುಭವಿಸಬಹುದು ಎನ್ನುತ್ತದೆ. ಗಂಡನ ಶವದ ಎದುರು ಪ್ರಜ್ಞೆ ತಪ್ಪುವ ಹಾಗಿರುವ ಹೆಂಗಸಿನ ತಲೆಯಾಟದಲ್ಲಿ ಯಾವ ಖುಷಿ? ಕೋರ್ಟುಗಳೂ ಇಂಥ ಮಾಫಿಯನ್ನು ಸ್ವತಂತ್ರ ಒಪ್ಪಿಗೆ ಎಂದು ಒಪ್ಪಿಲ್ಲ. ಮೆಹರ್ ಅಂದರೆ ಗಂಡನ ಮೇಲಿರುವ ಸಾಲ. ಆಸ್ತಿ ಹಂಚುವುದಕ್ಕೆ ಒಂದು ಕ್ರಮವಿದೆ: ಮೊದಲು ಕಫನ್, ದಫನ್ (ಶವಸಂಸ್ಕಾರದ) ಖರ್ಚು, ಆಮೇಲೆ ಸಾಲ, ಆಮೇಲೆ ವಸೀಯತ್, ಅದೂ ಮೂರನೇ ಒಂದು ಭಾಗದೊಳಗೆ, ಕೊನೆಗೆ ವಾರಸುದಾರರು. ಆದ್ದರಿಂದ ಅಮ್ಮಿಯ ಮೆಹರ್ ಬಾಕಿಯಿದ್ದರೆ ಆ ಎಂಟು ಗುಡ್ಡೆ ಮಾಡುವ ಮುಂಚೆಯೇ ಅದನ್ನು ಚೀಲದಿಂದ ತೆಗೆದಿಡಬೇಕು. ಆಮೇಲೆ ಅವರ ಎಂಟನೇ ಒಂದು ಬೇರೆ. ನಿಕಾಹ್‌ನಾಮದಲ್ಲಿ (ಮದುವೆ ಪತ್ರದಲ್ಲಿ) ರೂಪಾಯಿ ಬರೆದಿದ್ದರೆ ರೂಪಾಯಿ, ತೊಲದ ಲೆಕ್ಕದಲ್ಲಿ ಬಂಗಾರ ಬರೆದಿದ್ದರೆ ಅಷ್ಟು ತೊಲ ಬಂಗಾರ. ನಿಕಾಹ್‌ನಾಮ ಮನೆಯಲ್ಲಿ ಸಿಗದಿದ್ದರೆ ನಿಕಾಹ್ ಓದಿಸಿದ ಮಸೀದಿಯ ದಫ್ತರ್‌ನಲ್ಲಿ ನಕಲು ಕೇಳಿ. ತಡ ಮಾಡಬೇಡಿ. ಮೆಹರ್ ವಸೂಲಿಗೆ ಗಂಡ ತೀರಿದ ದಿನದಿಂದ ಮೂರು ವರ್ಷದ ಕಾಲಮಿತಿ ಇದೆ, ಅದರಲ್ಲಿ ಒಂದು ವರ್ಷ ಆಗಲೇ ಹೋಗಿದೆ. ಒಂದು ವೇಳೆ ಅಮ್ಮಿ ಈಗಲೂ ಆ ಮನೆಯಲ್ಲೇ ಇದ್ದಿದ್ದರೆ, ಮೆಹರ್ ತೀರುವ ತನಕ ಮನೆಯ ಸ್ವಾಧೀನ ಬಿಡದೆ ಇರುವ ಹಕ್ಕೂ ವಿಧವೆಗಿದೆ. ಅದಕ್ಕೇ ಹೇಳುತ್ತೇನೆ, ಗಂಡ ತೀರಿದ ಮೇಲೆ ಹೆಂಗಸರನ್ನು ಬೇಗ ಬೇಗ ಮಗಳ ಮನೆಗೆ ಕಳಿಸಬೇಡಿ.

ಮಗಳು ಮುಂದೆ ಕೇಳುವ ಪ್ರಶ್ನೆ ನನಗೆ ಗೊತ್ತು: ಅಣ್ಣನಿಗೆ ಎರಡು, ತಂಗಿಗೆ ಒಂದು ಯಾಕೆ? ಉಲಮಾಗಳು (ಧರ್ಮಪಂಡಿತರು) ಕೊಡುವ ಉತ್ತರ ಹೊಣೆಯದು. ಹೆಂಡತಿ ಮಕ್ಕಳ ಅನ್ನ, ಬಟ್ಟೆ, ಸೂರು ಗಂಡಸಿನ ಹೊಣೆ, ದುಡಿಯಲಾಗದ ತಂದೆತಾಯಿಯ ಹೊಣೆಯೂ ಇದೆ. ಹೆಂಗಸಿನ ದುಡಿಮೆ ಮತ್ತು ಆಸ್ತಿ ಅವಳದ್ದೇ, ಮನೆಗೆ ಖರ್ಚು ಮಾಡು ಎಂದು ಯಾರೂ ಅವಳನ್ನು ಕಟ್ಟಿಹಾಕುವಂತಿಲ್ಲ. ಹೊಣೆ ಹೆಚ್ಚಿದ್ದವನಿಗೆ ಪಾಲು ಹೆಚ್ಚು. ಈ ಉತ್ತರವನ್ನು ನಾನು ಗೌರವಿಸುತ್ತೇನೆ, ಆದರೆ ಅದು ನಿಲ್ಲುವುದು ಹೊಣೆ ಹೊತ್ತಾಗ ಮಾತ್ರ. ನಿಮ್ಮ ಮನೆಯಲ್ಲಿ ಎರಡು ಗುಡ್ಡೆ ಬೇಕೆನ್ನುವವರು ಅಣ್ಣಂದಿರು, ಅಮ್ಮಿಯ ಬಿಪಿ ಮಾತ್ರೆ ತರುವವರು ನೀವು. ಈ ಕಾಲದಲ್ಲಿ ಮನೆ ನಡೆಸುತ್ತಿರುವ ಹೆಂಗಸರೇ ಎಷ್ಟೋ ಜನ. ಹಾಗಿರುವಾಗ ಸಮಪಾಲು ಕೇಳುವ ಮುಸ್ಲಿಂ ಹೆಣ್ಣುಮಕ್ಕಳ ಮಾತಿನಲ್ಲಿ ನ್ಯಾಯವಿದೆ ಎಂದು ನಾನು ನಂಬುತ್ತೇನೆ. ಮಗಳಿಗೆ ಇದನ್ನು ಮುಚ್ಚಿಡದೆ ಹೇಳಿ. ಜೊತೆಗೆ ಇದನ್ನೂ ಹೇಳಿ: ನನ್ನ ಕಚೇರಿಗೆ ಬಂದ ಹೆಂಗಸರಲ್ಲಿ ಸಮಪಾಲು ಸಿಗಲಿಲ್ಲ ಎಂದು ಅತ್ತವರು ಕಡಿಮೆ. ಬರೆದಿಟ್ಟ ಅರ್ಧವೂ ಸಿಗಲಿಲ್ಲ ಎಂದು ಅತ್ತವರೇ ಎಲ್ಲ. ಇದು ನಮ್ಮವರ ಕಥೆ ಮಾತ್ರವೂ ಅಲ್ಲ. ಹಿಂದೂ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. 'ಅರಿಶಿನ ಕುಂಕುಮಕ್ಕೆ ಇಷ್ಟು ತಗೊಂಡು ಸಹಿ ಹಾಕು' ಎನ್ನುವ ಮಾತು ಕೇಳಿ ಬರುವ ಅವರೂ ಕೋರ್ಟಿನ ಅದೇ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿರುತ್ತಾರೆ.

ಒಬ್ಬಳೇ ಮಗಳು ಎಂದಿರಿ. ಹಾಗಾದರೆ ನಿಮ್ಮ ಯಜಮಾನರ ಆಸ್ತಿಯ ಬಗ್ಗೆ ಈಗಲೇ ಯೋಚಿಸಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳೇ ಮಗಳಿಗೆ ಅರ್ಧ, ನಿಮಗೆ ಎಂಟನೇ ಒಂದು, ಉಳಿದ ಎಂಟನೇ ಮೂರು ಭಾಗ ಅವರ ತಂದೆತಾಯಿಗೆ, ತಂದೆತಾಯಿ ಇಲ್ಲದಿದ್ದರೆ ಅಣ್ಣತಮ್ಮಂದಿರ ಕಡೆಗೆ ಹೋಗುತ್ತದೆ. ಇದಕ್ಕೆ ಶರೀಅತ್‌ನೊಳಗೇ ದಾರಿಯಿದೆ: ಬದುಕಿರುವಾಗಲೇ, ಆರೋಗ್ಯವಾಗಿರುವಾಗಲೇ ಮಗಳಿಗೆ ಹಿಬಾ ಮಾಡಿ, ಸ್ವಾಧೀನ ಕೊಟ್ಟು, ನೋಂದಣಿ ಮಾಡಿಸುವುದು. ನೋಂದಣಿ ಕಡ್ಡಾಯವಲ್ಲ, ಆದರೆ ನಾಳೆ 'ಬಾಯಲ್ಲಿ ಹೇಳಿದ್ದರು' ಎನ್ನುವ ಸರದಿ ನಿಮ್ಮ ಮಗಳಿಗೆ ಬರಬಾರದು. ಕೇರಳದ ವಕೀಲ ಸಿ. ಶುಕ್ಕೂರ್ ಮತ್ತು ಅವರ ಪತ್ನಿ ಶೀನಾ, ಮೂವರು ಹೆಣ್ಣುಮಕ್ಕಳ ತಂದೆತಾಯಿ, 2023ರ ಮಾರ್ಚ್ 8ರಂದು ವಿಶೇಷ ವಿವಾಹ ಕಾಯ್ದೆಯಡಿ ತಮ್ಮದೇ ಮದುವೆಯನ್ನು ಮತ್ತೊಮ್ಮೆ ನೋಂದಾಯಿಸಿದರು. ಹಾಗೆ ಮಾಡಿದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಿ ಆಸ್ತಿ ಹೆಂಡತಿಗೆ ಮತ್ತು ಹೆಣ್ಣುಮಕ್ಕಳಿಗೇ ಉಳಿಯುತ್ತದೆ. ಎಲ್ಲರಿಗೂ ಇದು ಒಪ್ಪಿಗೆಯಾಗುವ ದಾರಿಯಲ್ಲ, ಆದರೆ ಕಾನೂನು ಒಪ್ಪಿದ ದಾರಿ.

ಈಗ ಮಾಡಬೇಕಾದ ಕೆಲಸ. ನಾಡಕಚೇರಿಯಲ್ಲಿ ವಂಶವೃಕ್ಷ ತೆಗೆಸಿದ್ದಾರೆಯೇ, ಅದರಲ್ಲಿ ಮೂವರು ಹೆಣ್ಣುಮಕ್ಕಳ ಹೆಸರೂ ಇದೆಯೇ ನೋಡಿ. ಹೆಣ್ಣುಮಕ್ಕಳನ್ನು ಬಿಟ್ಟು ವಂಶವೃಕ್ಷ ಮಾಡಿಸುವುದರಿಂದಲೇ ಮುಕ್ಕಾಲು ಮೋಸ ಶುರುವಾಗುವುದು. ಮನೆ ಮತ್ತು ಭಟ್ಟಿ ಜಾಗದ ಖಾತೆ ನಕಲು ಪಾಲಿಕೆಯಿಂದ, ಇಸಿ (ಋಣಭಾರ ಪ್ರಮಾಣಪತ್ರ) ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ತೆಗೆಸಿ. ಖಾತೆ ಅಣ್ಣನ ಹೆಸರಿಗೆ ಆಗಿಹೋಗಿದ್ದರೂ ಎದೆಗುಂದಬೇಡಿ, ಖಾತೆ ಕಂದಾಯ ಕಟ್ಟುವುದಕ್ಕೆ, ಹಕ್ಕು ಹುಟ್ಟಿಸುವುದಕ್ಕಲ್ಲ. ಮೊದಲು ಮನೆಯಲ್ಲೇ ಕೂತು ಮಾತಾಡಿ. ಜಮಾತ್‌ನಲ್ಲಿ ನ್ಯಾಯವಾಗಿ ಮಾತಾಡುವ ಹಿರಿಯರಿದ್ದರೆ ಕರೆಸಿ. ಆದರೆ 'ಹೋಗಲಿ ಬಿಡಮ್ಮ' ಎಂಬಲ್ಲಿಗೆ ಮಾತು ಮುಗಿಸುವವರು ಬೇಡ. ಅಣ್ಣಂದಿರಿಗೆ ಭಟ್ಟಿ ಒಡೆಯುವುದು ಬೇಡವಾಗಿದ್ದರೆ ಬೆಲೆ ಕಟ್ಟಿಸಿ ನಿಮ್ಮ ಪಾಲಿನ ಹಣ ಕೊಡಲಿ, ಕಂತಿನಲ್ಲಾದರೂ ಸರಿ, ಹಣ ಬ್ಯಾಂಕ್ ಖಾತೆಗೆ ಬಂದ ಮೇಲೆ ಸಹಿ. ಬಗೆಹರಿಯದಿದ್ದರೆ ಪಾಲು ವಿಭಾಗದ ದಾವೆ ಇದೆ, ಆಸ್ತಿ ಮಾರದಂತೆ ತಡೆಯಾಜ್ಞೆ ಇದೆ. ವಕೀಲರ ಫೀಸಿಗೆ ಹೆದರಬೇಡಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಮ್ಮಿಯ ಖರ್ಚಿಗೆ ಅಣ್ಣಂದಿರಿಂದ ಹಣ ಬೇಕಾದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಹತ್ತಿರ ಅಮ್ಮಿಯೇ ಅರ್ಜಿ ಕೊಡಬಹುದು.

ತವರಿನ ಬಾಗಿಲಿನ ಮಾತು ಉಳಿಯಿತು. ಆ ಬೆದರಿಕೆಯ ನೋವು ನನಗೆ ಗೊತ್ತು, ಕಾನೂನಿನಲ್ಲಿ ಅದಕ್ಕೆ ಔಷಧವಿಲ್ಲ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಹಿಡಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುತ್ತದೆ ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎಂಬ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ಅಣ್ಣನ ಮೇಲೆ ಪ್ರೀತಿ ಇರುವ ತಂಗಿಯಾಗಿಯೇ ಅದನ್ನು ಅವನಿಗೆ ನೆನಪಿಸಿ. ಅವನು ಸಹಿಯ ದಿನ ಹೇಳಲು ಫೋನ್ ಮಾಡಿದಾಗ ಜಗಳ ಬೇಡ. 'ಅಣ್ಣಾ, ಅಮ್ಮಿಯ ನಿಕಾಹ್‌ನಾಮ ಹುಡುಕ್ತಾ ಇದ್ದೀನಿ. ಸಿಕ್ಕಿದ ಮೇಲೆ ಅಮ್ಮಿಯನ್ನು ಕೂರಿಸ್ಕೊಂಡು ಎಲ್ಲರೂ ಲೆಕ್ಕ ಮಾಡೋಣ' ಎನ್ನಿ. ಅಷ್ಟು ಹೇಳಿ ಫೋನ್ ಇಟ್ಟು, ಮಸೀದಿಯ ದಫ್ತರ್‌ಗೆ ಹೋಗಿ.